ಆ ಬೀದಿಯನ್ನು ಆರಿಸಿದವರು

ನಮ್ಮ ಊರಿನಲ್ಲಿ ಮಾಡದ ಕೆಲಸವನ್ನು ಮಾಡಿದೆನೆಂದು ಹೇಳಹೊರಟರೆ ಧ್ವನಿ ಬರುವುದಿಲ್ಲ. ತುಟಿ ಆಡುತ್ತದೆ, ಗಂಟಲಿನ ನರ ಉಬ್ಬುತ್ತದೆ, ಮಾತು ಮಾತ್ರ ಹೊರಗೆ ಬೀಳುವುದಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೂ ಒಂದು ಮಳೆಗಾಲ ಕಳೆಯುವುದರೊಳಗೆ ಹೀಗೇ ಆಗುತ್ತದೆ. ಬೇರೆ ಸುಳ್ಳುಗಳಿಗೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಮನೆಯೊಳಗೆ ಕೂತುಕೊಂಡೇ ಇಲ್ಲ ಎನ್ನಿಸಬಹುದು, ಹಳಸಲು ಹಾಲನ್ನು ಈಗಷ್ಟೇ ಕರೆದದ್ದು ಎನ್ನಬಹುದು. ಮಾಡಿದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುವುದಕ್ಕೂ ತೊಂದರೆಯಿಲ್ಲ. ತಾನು ಏನು ಮಾಡಿದೆ, ಏಕೆ ಮಾಡಿದೆ ಎಂದು ಬಾಯಿಬಿಟ್ಟು ಹೇಳುವಾಗ ಮಾತ್ರ ಅದು ನಿಜವಾಗಿರಬೇಕು.

ಅದಕ್ಕೆ ತಕ್ಕ ಹಾಗೆ ಊರು ಬಾಳುವುದನ್ನು ಕಲಿತಿದೆ. ಮದುವೆ ಮನೆಯಲ್ಲಿ ಹೋಳಿಗೆ ಚೆನ್ನಾಗಿದೆ ಎಂದರೆ ಹೆಣ್ಣಿನ ತಾಯಿ, "ಕಣಕ ನಾದಿದ್ದು ನಮ್ಮ ವಾರಗಿತ್ತಿ, ಹೂರಣ ರುಬ್ಬಿದ್ದು ಪಕ್ಕದ ಮನೆಯವರು, ನಾನು ಎಲೆ ಒರೆಸಿದೆ" ಎಂದು ಯಾವ ಮುಜುಗರವೂ ಇಲ್ಲದೆ ಹೇಳುತ್ತಾಳೆ. ಅಪ್ಪಿತಪ್ಪಿ ಯಾರಿಗಾದರೂ ಧ್ವನಿ ನಿಂತರೆ ಯಾರೂ ನಗುವುದಿಲ್ಲ. ಒಂದು ಲೋಟ ನೀರು ಕೊಟ್ಟು ಬೇರೆ ಮಾತು ತೆಗೆಯುತ್ತಾರೆ.

ನಮ್ಮ ವಿದ್ಯಾಲಯದಿಂದ ವರ್ಷಕ್ಕೊಮ್ಮೆ ಒಂದು ಸಂಶೋಧನಾ ಪತ್ರಿಕೆ ಹೊರಡುತ್ತದೆ. ಅದರಲ್ಲಿ ಅಚ್ಚಾಗಬೇಕಾದ ಪ್ರತಿಯೊಂದು ಪ್ರಬಂಧವನ್ನೂ ಮೊದಲು ಓದುಮನೆಯಲ್ಲಿ ಊರವರ ಎದುರು ಓದಬೇಕು. ಓದುವವರು ಅದನ್ನು ಬರೆದವರಲ್ಲ, ಬೇರೆಯವರು. ನಾನು ಹೇಳುತ್ತಿರುವ ಕಾಲದಲ್ಲಿ ಆ ಕೆಲಸ ಅಲಮೇಲಮ್ಮನವರದಾಗಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಪ್ರಬಂಧ ಬರೆಯುವವರಿಗೆ ಒಂದು ಚಟವಿರುತ್ತದೆ. ನೀರನ್ನು ಸಂಗ್ರಹಿಸಲಾಯಿತು, ಪರೀಕ್ಷಿಸಲಾಯಿತು, ಹೋಲಿಸಲಾಯಿತು ಎಂದೇ ಬರೆಯುತ್ತಾರೆ, ಎಲ್ಲವೂ ತನ್ನಷ್ಟಕ್ಕೆ ತಾನೇ ಆದಂತೆ. ಅಲಮೇಲಮ್ಮ ಒಂದೊಂದು "ಲಾಯಿತು" ಬಂದಾಗಲೂ ಓದು ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, "ಯಾರಿಂದ?" ಎಂದು ಕೇಳುತ್ತಿದ್ದರು. ಮಾಡಿದವರು ಎದ್ದು ನಿಂತು ಹೇಳಬೇಕು. ಧ್ವನಿ ಬಂದರೆ ಪ್ರಬಂಧದ ಕೊನೆಯಲ್ಲಿ ಅವರ ಹೆಸರು, ಹೆಸರಿನ ಮುಂದೆ ಆ ಕೆಲಸ ಅಚ್ಚಾಗುತ್ತದೆ. ಯಾವುದಾದರೂ ಒಂದು ಕೆಲಸಕ್ಕೆ ಯಾರೂ ಏಳದಿದ್ದರೆ ಇಡೀ ಪ್ರಬಂಧ ಮುಂದಿನ ವರ್ಷಕ್ಕೆ ಹೋಗುತ್ತದೆ. ಸತ್ತವರ ಪಾಲನ್ನು ಕಣ್ಣಾರೆ ಕಂಡವರು ಹೇಳಬಹುದು; ಆದರೆ "ನಾನು ಕಂಡೆ" ಎಂದು ಶುರುಮಾಡಬೇಕು, ಕಾಣದವರಿಗೆ ಅಲ್ಲಿಗೇ ಧ್ವನಿ ನಿಲ್ಲುತ್ತದೆ. ಹಿಂದೆ ಒಬ್ಬ ಮುಖ್ಯಸ್ಥರು ಎಲ್ಲರ ಪ್ರಬಂಧಕ್ಕೂ ತಮ್ಮ ಹೆಸರು ಸೇರಿಸುತ್ತಿದ್ದರಂತೆ. ಓದುಮನೆಯಲ್ಲಿ ಎದ್ದು ನಿಂತು ಬಹಳ ಹೊತ್ತು ಯೋಚಿಸಿ, "ಕೊಠಡಿಯ ಬೀಗದ ಕೈ ನನ್ನ ಹತ್ತಿರ ಇಟ್ಟುಕೊಂಡಿದ್ದೆ" ಎನ್ನುತ್ತಿದ್ದರಂತೆ. ಹಾಗೆಯೇ ಅಚ್ಚಾಗಿದೆ, ಈಗಲೂ ನೋಡಬಹುದು.

ಕುಮುದಿನಿ, ನಾನು ಒಟ್ಟಿಗೆ ಓದಿದವರು, ಒಟ್ಟಿಗೇ ವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದವರು. ಅವಳು ಉದ್ದಕ್ಕೆ, ತೆಳ್ಳಗೆ, ನಡೆದರೆ ಹಿಂದಿನವರು ಓಡಬೇಕು ಹಾಗೆ ನಡೆಯುವವಳು. ನಾನು ಪ್ರಯೋಗಾಲಯ ಬಿಟ್ಟು ಹೊರಗೆ ಹೋಗುವವಳಲ್ಲ. ಈ ಕಥೆ ಅವಳದು. ನಾನು ಕಾಣದ ಭಾಗಗಳನ್ನು ಅವಳೇ ನನಗೆ ಆಮೇಲೆ ಹೇಳಿದಳು.

ನಮ್ಮಿಬ್ಬರಿಗೂ ಹಿರಿಯರು ವಿರೂಪಾಕ್ಷಯ್ಯ ಮೇಷ್ಟ್ರು. ಪ್ರತಿ ಮಳೆಗಾಲದಲ್ಲೂ ಊರಿಗೆ ಬರುತ್ತಿದ್ದ ಜ್ವರವನ್ನು ಜನ ಕೆರೆಜ್ವರ ಎನ್ನುತ್ತಿದ್ದರು. ಮೇಷ್ಟ್ರು ಹುಡುಗರಾಗಿದ್ದಾಗ ಅವರ ತಮ್ಮ ಅದರಲ್ಲಿ ಹೋಗಿದ್ದ. ಜ್ವರ ಇರುವುದು ಕೆರೆಯಿಂದ ಬರುವ ನಲ್ಲಿನೀರಿನಲ್ಲಿ, ಬೀದಿಯ ತಲೆಯಲ್ಲಿ ಮರಳು ಮತ್ತು ಇದ್ದಿಲಿನ ಒಂದು ತೊಟ್ಟಿ ಕಟ್ಟಿ ನೀರನ್ನು ಸೋಸಿಬಿಟ್ಟರೆ ಅದು ನಿಲ್ಲುತ್ತದೆ ಎಂದು ಅವರು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು. ಪುರಸಭೆಯವರು ಕೇಳಿಸಿಕೊಳ್ಳಲಿಲ್ಲ. ಮರಳಿನಿಂದ ಜ್ವರ ಹೋಗುವುದಾದರೆ ತೋರಿಸಿ, ಪತ್ರಿಕೆಯಲ್ಲಿ ಅಚ್ಚಾಗಲಿ, ಆಮೇಲೆ ಊರಿಗೆಲ್ಲಾ ಕಟ್ಟಿಸೋಣ ಎಂದರು.

ಕೆರೆಯ ಕಡೆಯ ಕೆಲವು ಬೀದಿಗಳನ್ನು ಆರಿಸಿಕೊಂಡು ತೊಟ್ಟಿ ಕಟ್ಟುವುದೆಂದು ನಿಶ್ಚಯವಾಯಿತು. ಮೇಷ್ಟ್ರು ಕುಮುದಿನಿಯನ್ನು ಕರೆದು, "ಒಂದು ಬೀದಿ ಬಿಡಬೇಕಾಗುತ್ತಮ್ಮ. ಎಲ್ಲಾ ಕಡೆ ಕಟ್ಟಿಬಿಟ್ರೆ ತೊಟ್ಟಿಯಿಂದ ನಿಂತಿತೋ ತಾನಾಗೇ ನಿಂತಿತೋ ಯಾರಿಗೂ ಗೊತ್ತಾಗಲ್ಲ. ಯಾವುದು ಅಂತ ಚೀಟಿ ಎತ್ತಿ ನೋಡು. ನಾವು ಆರಿಸೋದು ಬೇಡ" ಎಂದರು. ಮರುದಿನ ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಪರವೂರಿಗೆ ಹೊರಟುಹೋದರು.

ಕುಮುದಿನಿ ಮನೆಯಲ್ಲಿ ಬೀದಿಗಳ ಹೆಸರು ಬರೆದು, ಮಡಿಚಿ, ಅಕ್ಕಿ ಅಳೆಯುವ ಪಾವಿನಲ್ಲಿ ಹಾಕಿ ಕುಲುಕಿ, ಒಂದನ್ನು ಎತ್ತಿದಳು. ಕೋಟೆ ಬೀದಿ ಎಂದಿತ್ತು. ಪುರಸಭೆಯ ಅಧ್ಯಕ್ಷರ ಮನೆ ಇದ್ದದ್ದು ಅಲ್ಲಿ, ವಕೀಲರೂ ವೈದ್ಯರೂ ಇದ್ದದ್ದು ಅಲ್ಲಿ. ಅವಳ ಅಕ್ಕನ ಮನೆಯೂ ಅಲ್ಲೇ. ಅಕ್ಕನಿಗೆ ಇಬ್ಬರು ಸಣ್ಣ ಮಕ್ಕಳು. ಕುಮುದಿನಿ ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನೂ ಉಳಿದವನ್ನೂ ಒಲೆಗೆ ಹಾಕಿ, ಚಾಪೆಯವರ ಬೀದಿಯನ್ನು ಬಿಡುವುದೆಂದು ತಾನೇ ತೀರ್ಮಾನಿಸಿದಳು. ಆ ಬೀದಿ ಊರಿನ ತುದಿಯಲ್ಲಿತ್ತು, ಅದಕ್ಕೆ ಬೇರೆಯದೇ ಪೈಪು ಇತ್ತು, ಲೆಕ್ಕ ಇಡಲು ಸುಲಭ ಎಂದು ಮನಸ್ಸಿಗೆ ಹೇಳಿಕೊಂಡಳು. ಮೇಷ್ಟ್ರು ವಾಪಸು ಬಂದು ಯಾವ ಬೀದಿ ಎಂದು ಕೇಳಿದಾಗ "ಚಾಪೆಯವರ ಬೀದಿ" ಎಂದಳು. ಚೀಟಿಯ ಮಾತು ಅವರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಆ ಬೀದಿಯಲ್ಲಿ ಕೆರೆಯಂಚಿನ ಜೊಂಡು ಕೊಯ್ದು ತಂದು, ಒಣಗಿಸಿ, ಸೀಳಿ ಚಾಪೆ ಹೆಣೆಯುವವರು ಇದ್ದರು. ಮಳೆ ಶುರುವಾದ ಮೇಲೆ ಕುಮುದಿನಿ ಪ್ರತಿ ವಾರವೂ ಅಲ್ಲಿಗೆ ಹೋಗಿ, ನಲ್ಲಿಯಿಂದ ಬಾಟಲಿಗೆ ನೀರು ಹಿಡಿದು, ಮನೆಮನೆಯಲ್ಲೂ ಯಾರಿಗೆ ಜ್ವರ, ಯಾರಿಗೆ ವಾಂತಿ ಎಂದು ಕೇಳಿಕೊಂಡು ಬರುತ್ತಿದ್ದಳು. ತೊಟ್ಟಿ ಕಟ್ಟಿದ ಬೀದಿಗಳಲ್ಲೂ ಹೀಗೇ ಮಾಡಬೇಕಿತ್ತು. ಆದರೆ ಅಲ್ಲಿ ಜನ ಬಾಗಿಲಲ್ಲೇ ಮಾತಾಡಿ ಕಳಿಸುತ್ತಿದ್ದರು. ಚಾಪೆಯವರ ಬೀದಿಯಲ್ಲಿ ಒಳಗೆ ಕರೆದು ಕೂರಿಸುತ್ತಿದ್ದರು. ತಮ್ಮ ಬೀದಿಗೆ ಮಾತ್ರ ಯಾಕೆ ತೊಟ್ಟಿ ಬರಲಿಲ್ಲ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಸರದಿ ಬಂದಾಗ ಬರುತ್ತದೆ ಎಂದುಕೊಂಡಿದ್ದರು.

ಅಲ್ಲಿ ಸಾಕಮ್ಮ ಎಂಬಾಕೆ ಇದ್ದಳು. ಗಂಡ ಕೆರೆಯ ಆಚೆ ಇಟ್ಟಿಗೆ ಸುಡಲು ಹೋಗಿ ತಿಂಗಳಿಗೊಮ್ಮೆ ಬರುವವನು. ಒಬ್ಬಳೇ ಮಗಳು ನಾಗವೇಣಿ, ಎಲ್ಲರಿಗೂ ವೇಣಿ. ಶಾಲೆಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಕುಮುದಿನಿಗೆ "ಬಾಟ್ಲಿ ಅಕ್ಕ" ಎಂದು ಹೆಸರಿಟ್ಟವಳು ಅವಳೇ. ಕುಮುದಿನಿ ಕೇಳುವ ಪ್ರಶ್ನೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಬಾಟ್ಲಿ ಅಕ್ಕ ಹೊಸ್ತಿಲು ದಾಟುವ ಮೊದಲೇ, "ನಮ್ಮನೇಲಿ ಜ್ವರ ಇಲ್ಲ, ವಾಂತಿ ಇಲ್ಲ, ಅವ್ವಂಗೆ ಬೆನ್ನುನೋವು ಐತೆ, ಬರ್ಕೋ" ಎನ್ನುತ್ತಿದ್ದಳು. ಕುಮುದಿನಿ ಬೆನ್ನುನೋವನ್ನೂ ಬರೆದುಕೊಳ್ಳುತ್ತಿದ್ದಳು.

ಶ್ರಾವಣದ ಹೊತ್ತಿಗೆ ಆ ಬೀದಿಯಲ್ಲಿ ಜ್ವರ ಏರಿತು. ನಾನು ಪರೀಕ್ಷೆ ಮಾಡಿದ ನೀರಿನಲ್ಲೂ ಅದು ಕಾಣುತ್ತಿತ್ತು. ಬೇರೆ ಬೀದಿಗಳ ಬಾಟಲಿ ತಿಳಿಯಾಗಿರುತ್ತಿತ್ತು, ಚಾಪೆಯವರ ಬೀದಿಯದು ಒಂದು ವಾರಕ್ಕಿಂತ ಮುಂದಿನ ವಾರ ಕೆಡುತ್ತಾ ಹೋಗುತ್ತಿತ್ತು. ರಂಗಪ್ಪ ಎಂಬ ಮುದುಕ ಸತ್ತ. ಅವನನ್ನು ಮಣ್ಣು ಮಾಡಿ ಬಂದ ಕೆಲವೇ ದಿನಗಳಲ್ಲಿ ಅವನ ತಂಗಿ ಕಾಳಮ್ಮ ಸತ್ತಳು. ಕುಮುದಿನಿ ನೆನೆದ ಸೀರೆಯಲ್ಲೇ ಮೇಷ್ಟ್ರ ಕೋಣೆಗೆ ಬಂದು ನಿಂತಳು. ನಾನು ಅಲ್ಲೇ ಇದ್ದೆ.

"ಮೇಷ್ಟ್ರೇ, ಸಾಕು. ಗೊತ್ತಾಗಿದ್ದು ಸಾಕು. ಅಲ್ಲೂ ತೊಟ್ಟಿ ಕಟ್ಟಿಬಿಡೋಣ."

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ, "ಸತ್ತ ಇಬ್ಬರೂ ವಯಸ್ಸಾದವರು ಕಣಮ್ಮ. ಈಗ ನಿಲ್ಲಿಸಿದ್ರೆ ಪುರಸಭೆಯವರು ಅದನ್ನೇ ಹೇಳ್ತಾರೆ. ಮುದುಕರು ಸತ್ತರು, ಮರಳಿಗೇನು ಸಂಬಂಧ ಅಂತಾರೆ. ಎಲ್ಲಾ ನೀರಲ್ಲಿ ಹೋಮ ಆಗುತ್ತೆ. ಇನ್ನು ಸ್ವಲ್ಪ ದಿನ ನೋಡೋಣ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಊರಿನ ಉಳಿದ ಬೀದಿಗಳೆಲ್ಲ ಅವರ ಕಣ್ಣ ಮುಂದೆ ಇದ್ದವು. ಕುಮುದಿನಿ ಹೊರಗೆ ಹೋದಳು.

ಮುಂದಿನ ವಾರ ಸಾಕಮ್ಮನ ಮನೆಯ ಬಾಗಿಲಲ್ಲಿ ಯಾರೂ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ವೇಣಿ ಒಳಗೆ ಅರೆಹೆಣೆದ ಚಾಪೆಯ ಮೇಲೆ ಮಲಗಿದ್ದಳು. ಕುಮುದಿನಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಸಾಕಮ್ಮ ಹಿಂದೆ ಹಿಂದೆ. ದಾರಿಯುದ್ದಕ್ಕೂ ಮಗು ನೀರು ಕೇಳುತ್ತಿತ್ತು. ಮೂರನೆಯ ದಿನ ಬೆಳಗಾಗುವಾಗ ವೇಣಿ ಹೋದಳು. ಅವತ್ತೇ ಮೇಷ್ಟ್ರು ತಾವೇ ಗಾರೆಯವರನ್ನು ಕರೆದುಕೊಂಡು ಹೋಗಿ, ಮಳೆಯಲ್ಲಿ ನಿಂತು, ಚಾಪೆಯವರ ಬೀದಿಯ ತಲೆಯಲ್ಲಿ ತೊಟ್ಟಿ ಕಟ್ಟಿಸಿದರು. ಆ ತಿಂಗಳು ಮುಗಿಯುವುದರೊಳಗೆ ಬೀದಿಯಲ್ಲಿ ಜ್ವರ ನಿಂತಿತು. ಮೇಷ್ಟ್ರು ಹೇಳುತ್ತಾ ಬಂದದ್ದು ಸರಿಯಾಗಿತ್ತು.

ಚಳಿಗಾಲದಲ್ಲಿ ಮೂವರೂ ಕೂತು ಪ್ರಬಂಧ ಬರೆದೆವು. ಮುಂದಿನ ಮಳೆಗೆ ಮುಂಚೆ ಅಚ್ಚಾದರೆ ಪುರಸಭೆ ಊರಿಗೆಲ್ಲಾ ತೊಟ್ಟಿ ಕಟ್ಟಿಸುತ್ತಿತ್ತು. ಓದುಮನೆಯಲ್ಲಿ ತಡೆದರೆ ಇನ್ನೊಂದು ಮಳೆಗಾಲ. ಬರೆಯುತ್ತಾ ಆ ಸಾಲು ಬಂತು: "ಹೋಲಿಕೆಗಾಗಿ ಚಾಪೆಯವರ ಬೀದಿಯನ್ನು ಆರಿಸಿ, ತೊಟ್ಟಿಯಿಲ್ಲದೆ ಬಿಡಲಾಯಿತು."

"ಅಲಮೇಲಮ್ಮ ಇಲ್ಲಿ ಕೇಳೇ ಕೇಳ್ತಾರೆ" ಎಂದೆ ನಾನು.

"ಕೇಳಲಿ. ಚೀಟಿ ಎತ್ತಿದೆ ಅಂತ ಕುಮುದಿನಿ ಎದ್ದು ಹೇಳ್ತಾಳೆ. ಅಷ್ಟೇ ತಾನೆ?" ಎಂದರು ಮೇಷ್ಟ್ರು.

ನಾನು ಮನೆಗೆ ಹೊರಟ ಮೇಲೆ ಕುಮುದಿನಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳಂತೆ. ಪಾವು, ಚೀಟಿ, ಒಲೆ, ಎಲ್ಲ. ಮೇಷ್ಟ್ರು ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕುಸಿದು, "ನೀನು ಏಳಬೇಡ. ನಾನು ಹೇಳ್ತೀನಿ" ಎಂದರಂತೆ.

"ನಿಮಗೆ ಧ್ವನಿ ಬರಲ್ಲ, ಮೇಷ್ಟ್ರೇ."

"ಒಂದು ಬೀದಿ ಬಿಡಬೇಕು ಅಂದವನು ನಾನೇ ತಾನೆ? ಆರಿಸಿದ ಹಾಗೇ ಅದು. ಬಂದರೂ ಬರಬಹುದು. ನನಗೆ ವಯಸ್ಸಾಯ್ತು, ನನ್ನ ಮೇಲೆ ಬಂದರೆ ಏನು ಹೋಗುತ್ತೆ? ನಾಳೆ ಈ ಕುರ್ಚಿಯಲ್ಲಿ ಕೂರಬೇಕಾದವಳು ನೀನು."

ಅವಳು ಬೇಡ ಎನ್ನಲಿಲ್ಲ. "ಬೇಡ ಅನ್ನಬೇಕು ಅಂತ ಬಾಯಿ ತೆರೆದೆ ಭಾಗೀ. ಬೇಡ ಅನ್ನೋಕೆ ಮನಸ್ಸೇ ಬರಲಿಲ್ಲ" ಎಂದು ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಹೇಳಿದಳು.

ಓದಿನ ದಿನ ಓದುಮನೆ ತುಂಬಿತ್ತು. ಪುರಸಭೆಯವರು ಮುಂದಿನ ಸಾಲಿನಲ್ಲಿದ್ದರು. ಕೋಟೆ ಬೀದಿಯಿಂದ ಕುಮುದಿನಿಯ ಅಕ್ಕ ಬಂದಿದ್ದಳು, ತಂಗಿಗೆ ಹೆಸರು ಬರುವ ದಿನವೆಂದು ಒಳ್ಳೆಯ ಸೀರೆ ಉಟ್ಟು. ಚಾಪೆಯವರ ಬೀದಿಯ ಹೆಂಗಸರೂ ಬಂದಿದ್ದರು. ಅವರು ಹಿಂದೆಂದೂ ಅಲ್ಲಿಗೆ ಬಂದವರಲ್ಲ. ಬಾಗಿಲ ಪಕ್ಕದ ಕಂಬದ ಹತ್ತಿರ, ಬೆಂಚು ಖಾಲಿಯಿದ್ದರೂ, ನೆಲದ ಮೇಲೆ ಕೂತಿದ್ದರು. ನಡುವೆ ಸಾಕಮ್ಮ.

ಅಲಮೇಲಮ್ಮ ಓದಲು ಶುರುಮಾಡಿದರು. ತೊಟ್ಟಿಯನ್ನು ರೂಪಿಸಲಾಯಿತು. "ಯಾರಿಂದ?" ಮೇಷ್ಟ್ರು ಎದ್ದು, "ನಾನು ರೂಪಿಸಿದೆ" ಎಂದರು. ನೀರನ್ನು ಸಂಗ್ರಹಿಸಲಾಯಿತು. "ಯಾರಿಂದ?" ಕುಮುದಿನಿ ಎದ್ದಳು. ನೀರನ್ನು ಪರೀಕ್ಷಿಸಲಾಯಿತು. ನಾನು ಎದ್ದು ಹೇಳಿ ಕೂತೆ. ನನ್ನ ಇಡೀ ವರ್ಷದ ಕೆಲಸ ಒಂದು ಉಸಿರಿನಲ್ಲಿ ಮುಗಿಯಿತು. ಆಮೇಲೆ ಆ ಸಾಲು ಬಂತು.

"ಹೋಲಿಕೆಗಾಗಿ ಚಾಪೆಯವರ ಬೀದಿಯನ್ನು ಆರಿಸಿ, ತೊಟ್ಟಿಯಿಲ್ಲದೆ ಬಿಡಲಾಯಿತು." ಅಲಮೇಲಮ್ಮ ಕನ್ನಡಕವನ್ನು ಮೇಲಕ್ಕೆ ಸರಿಸಿದರು. "ಯಾರಿಂದ?"

ಮೇಷ್ಟ್ರು ಎದ್ದರು. "ಆ ಬೀದಿಯನ್ನು..." ಎಂದರು. ಅಲ್ಲಿಗೆ ಧ್ವನಿ ಹೋಯಿತು. ತುಟಿ ಆಡುತ್ತಿತ್ತು. ಅವರು ಉಸಿರು ಎಳೆದುಕೊಂಡು ಮತ್ತೊಮ್ಮೆ ಪ್ರಯತ್ನಿಸಿದರು, ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ. ಅವರ ಕುತ್ತಿಗೆ ಕೆಂಪಾಯಿತು. ಯಾರೋ ನೀರು ತಂದಿಟ್ಟರು. ಓದುಮನೆಯಲ್ಲಿ ಧ್ವನಿ ನಿಂತವರು ನೀರು ಕುಡಿದು ಕೂತುಬಿಡುವುದು ರೂಢಿ. ಮೇಷ್ಟ್ರು ಲೋಟ ಮುಟ್ಟಲಿಲ್ಲ.

"ಒಂದು ಬೀದಿ ಬಿಡಬೇಕು ಅಂತ ಹೇಳಿದವನು ನಾನು" ಎಂದರು. ಈಗ ಧ್ವನಿ ಸ್ಪಷ್ಟವಾಗಿ ಬಂತು. "ಶ್ರಾವಣದಲ್ಲಿ ಕುಮುದಿನಿ ಬಂದು, ಸಾಕು, ನಿಲ್ಲಿಸೋಣ ಅಂದಳು. ಬೇಡ ಅಂತ ತಡೆದವನು ನಾನು. ಆ ಮಗು ಇನ್ನೂ ಆಡಿಕೊಂಡಿತ್ತು ಆಗ."

"ಅದು ಪ್ರಬಂಧದಲ್ಲಿ ಇಲ್ಲ" ಎಂದರು ಅಲಮೇಲಮ್ಮ.

"ಸೇರಿಸಿ. ನನ್ನ ಹೆಸರಿನ ಮುಂದೆ ಸೇರಿಸಿ."

ಅಲಮೇಲಮ್ಮ ಬರೆದುಕೊಂಡರು. ಬರೆದು ತಲೆಯೆತ್ತಿ, ಅದೇ ದನಿಯಲ್ಲಿ, "ಬಿಡಬೇಕು ಅಂದವರು ನೀವು. ಆ ಬೀದಿಯನ್ನು ಆರಿಸಿದವರು ಯಾರು?" ಎಂದು ಕೇಳಿದರು.

ಯಾರೂ ಏಳಲಿಲ್ಲ. ನನಗೆ ಇನ್ನೂ ಏನೂ ತಿಳಿದಿರಲಿಲ್ಲ. ಚೀಟಿ ಎತ್ತಿದವಳು ಇವಳೇ ತಾನೆ, ಯಾಕೆ ಏಳುತ್ತಿಲ್ಲ ಎಂದು ಪಕ್ಕಕ್ಕೆ ತಿರುಗಿ ನೋಡಿದೆ. ಕುಮುದಿನಿ ತನ್ನ ಮಂಡಿಗಳನ್ನು ಒತ್ತಿ ಹಿಡಿದುಕೊಂಡಿದ್ದಳು. ಸುಮ್ಮನೆ ಕೂತುಬಿಟ್ಟರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ ಎಂದು ಆಗ ಅವಳಿಗೆ ಅನ್ನಿಸಿತಂತೆ. ಪ್ರಬಂಧ ಮುಂದಿನ ವರ್ಷಕ್ಕೆ ಹೋಗುತ್ತದೆ, ಮಳೆ ಬರುತ್ತದೆ, ಊರಿನ ಉಳಿದ ಬೀದಿಗಳಲ್ಲಿ ಇನ್ನಷ್ಟು ಮಕ್ಕಳು ನೀರು ನೀರು ಎನ್ನುತ್ತಾರೆ. ಅಲಮೇಲಮ್ಮ ಹಾಳೆಗಳನ್ನು ಜೋಡಿಸಿಕೊಳ್ಳತೊಡಗಿದರು. ಅವರು ದಾರವನ್ನು ಸುತ್ತಿ ಗಂಟು ಹಾಕುವಷ್ಟರಲ್ಲಿ ಕುಮುದಿನಿ ಎದ್ದಳು.

"ನಾನು ಆರಿಸಿದೆ."

ಧ್ವನಿ ಬಂತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಚೀಟಿ ಎತ್ತು ಅಂತ ಮೇಷ್ಟ್ರು ಹೇಳಿದ್ದರು. ಎತ್ತಿದೆ. ಕೋಟೆ ಬೀದಿ ಬಂತು. ಚೀಟಿ ಒಲೆಗೆ ಹಾಕಿ, ಚಾಪೆಯವರ ಬೀದಿಯನ್ನು ಆರಿಸಿದೆ. ಲೆಕ್ಕ ಇಡೋಕೆ..." ಅಲ್ಲಿ ಧ್ವನಿ ನಿಂತಿತು. ಲೆಕ್ಕ ಇಡಲು ಸುಲಭವೆಂದು ಆರಿಸಿದೆ ಎನ್ನುವುದು ಅವಳ ಎಣಿಕೆ. ಅಷ್ಟು ದಿನವೂ ಅದು ನಿಜವೆಂದೇ ನಂಬಿದ್ದಳಂತೆ. ಬಾಯಿ ತೆರೆದು ನಿಂತವಳ ಮುಖದಲ್ಲಿ ಆಶ್ಚರ್ಯ ಕಾಣಿಸಿತು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತನ್ನು ತಡವಿ ನೋಡಿದಂತೆ ಹೇಳಿದಳು. "ಕೋಟೆ ಬೀದಿಯಲ್ಲಿ ನಮ್ಮಕ್ಕನ ಮಕ್ಕಳಿದ್ದರು ಅಂತ ಬಿಟ್ಟೆ. ಚಾಪೆಯವರ ಬೀದಿಯವರು ಯಾಕೆ ಅಂತ ಕೇಳೋದಿಲ್ಲ ಅಂತ ಆರಿಸಿದೆ."

ಎಲ್ಲವೂ ಕೇಳಿಸಿತು. ಬಾಗಿಲ ತನಕ ಕೇಳಿಸಿತು. ಮುಂದಿನ ಸಾಲಿನಲ್ಲಿ ಅವಳ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೋಟೆ ಬೀದಿಯವರು ಯಾರೂ ತಿರುಗಿ ನೋಡಲಿಲ್ಲ.

ಕಂಬದ ಹತ್ತಿರ ಸಾಕಮ್ಮ ಎದ್ದು ನಿಂತಳು. ಚಾಪೆ ಹೆಣೆಯುವವರಿಗೆಲ್ಲ ಇರುವ ಬೆನ್ನುನೋವು ಅವಳಿಗೂ ಇತ್ತು. ಕಂಬ ಹಿಡಿದು ಎದ್ದಳು.

"ನಾನು ಓದಿದವಳಲ್ಲ" ಎಂದಳು. "ಬೆಳಗ್ಗಿಂದ ಕೇಳ್ತಾ ಕುಂತಿದೀನಿ. ಒಬ್ರು ತೊಟ್ಟಿ ಮಾಡಿದ್ರು, ಒಬ್ರು ನೀರು ಹಿಡಿದ್ರು, ಒಬ್ರು ಪರೀಕ್ಷೆ ಮಾಡಿದ್ರು. ಎಲ್ಲಾರ ಹೆಸ್ರೂ ಬರ್ತದೆ ಅಂದ್ರಿ. ನನ್ ಮಗಳದ್ದು ಇದ್ರಾಗೆ ಏನೂ ಇಲ್ವಾ?"

ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತ ಅಲಮೇಲಮ್ಮನವರನ್ನು ಯಾರೂ ತಿರುಗಿ ಪ್ರಶ್ನೆ ಕೇಳಿರಲಿಲ್ಲ.

ಸಾಕಮ್ಮ ಕುಮುದಿನಿಯ ಕಡೆ ತಿರುಗಿದಳು. ಮನೆಗೆ ಹೋದಾಗಲೆಲ್ಲ ಅಮ್ಮಾವ್ರೇ ಎಂದು ಕರೆಯುತ್ತಿದ್ದವಳು ಈಗ ಹಾಗೆ ಕರೆಯಲಿಲ್ಲ. "ಅವಳು ಇಲ್ದಿದ್ರೆ ನಿಮ್ಗೆ ಇದು ಗೊತ್ತಾಗ್ತಿತ್ತಾ? ನೀನೇ ಹೇಳು."

"ಇಲ್ಲ" ಎಂದಳು ಕುಮುದಿನಿ.

"ಹಂಗಾದ್ರೆ ಅವಳ ಪಾಲು ಹೇಳು. ಕಣ್ಣಾರೆ ಕಂಡವಳು ನೀನು. ನಾನು ಹೇಳೋಕೆ ನಿಂತ್ರೆ ಅಳು ಬರ್ತದೆ."

ಕುಮುದಿನಿ ಅಲಮೇಲಮ್ಮನವರ ಕಡೆ ತಿರುಗಿದಳು. ಆಮೇಲೆ ಹೇಳಿದಳು. "ನಾನು ಕಂಡೆ. ಚಾಪೆಯವರ ಬೀದಿಯ ನಾಗವೇಣಿ, ಸಾಕಮ್ಮನ ಮಗಳು, ಆ ನಲ್ಲಿಯ ನೀರು ಕುಡಿದಳು. ನಾನು ಪ್ರತಿ ವಾರ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಜ್ವರ ಬಂತು. ನಾನು ಎತ್ತಿಕೊಂಡು ಹೋದೆ. ಸತ್ತಳು. ಅದರಿಂದ ನಮಗೆ ಗೊತ್ತಾಯಿತು." ಹಾಗೆಯೇ ಮುಂದುವರಿಸಿದಳು. "ನಾನು ಕಂಡೆ. ರಂಗಪ್ಪ ಅದೇ ನೀರು ಕುಡಿದರು, ಸತ್ತರು. ಕಾಳಮ್ಮ ಅದೇ ನೀರು ಕುಡಿದರು, ಸತ್ತರು. ಅವರು ಯಾರೂ ಗೊತ್ತಿದ್ದು ಒಪ್ಪಿ ಕುಡಿದದ್ದಲ್ಲ. ನಾನು ಅವರನ್ನು ಕೇಳಲಿಲ್ಲ."

ಒಂದು ಮಾತಿಗೂ ಧ್ವನಿ ನಿಲ್ಲಲಿಲ್ಲ.

ಅಲಮೇಲಮ್ಮ ಕಟ್ಟಿದ ದಾರವನ್ನು ಬಿಚ್ಚಿದರು. ಆ ಸಾಲಿದ್ದ ಹಾಳೆ ತೆಗೆದು ಮೇಷ್ಟ್ರ ಕಡೆಗೆ ಚಾಚಿ, "ಇದನ್ನು ತಿದ್ದಿ ಬರೆಯಿರಿ" ಎಂದರು. "ಬೀದಿಯ ಹೆಸರಿನಲ್ಲಿ ಈ ಮೂವರನ್ನೂ ಕರ್ಮದ ಜಾಗದಲ್ಲಿ ಕೂರಿಸಿ ಬರೆದಿದ್ದೀರಿ. ಅಲ್ಲಿಂದ ತೆಗೆದು ಕರ್ತೃವಿನ ಜಾಗಕ್ಕೆ ತನ್ನಿ. ಹೆಸರು ಮೊದಲು ಬರಲಿ." ಮುಂದಿನ ಸಾಲಿನಿಂದ ಪುರಸಭೆಯ ಅಧ್ಯಕ್ಷರು, ಸತ್ತವರನ್ನು ಸಂಶೋಧಕರೆಂದು ಹಾಕುವ ಪದ್ಧತಿ ಎಲ್ಲೂ ಇಲ್ಲವಲ್ಲ ಎಂದು ಮೆಲ್ಲಗೆ ಅಂದರು. "ಎಲ್ಲೂ ಇಲ್ಲದಿರಬಹುದು" ಎಂದು ಅಲಮೇಲಮ್ಮ ಮುಂದಿನ ಸಾಲು ಓದಲು ಶುರುಮಾಡಿದರು.

ಪ್ರಬಂಧ ಅಚ್ಚಾಯಿತು. ಮಳೆಗೆ ಮುಂಚೆ ಊರಿನ ಎಲ್ಲ ಬೀದಿಗಳ ತಲೆಯಲ್ಲೂ ತೊಟ್ಟಿಗಳು ಎದ್ದವು. ಆ ವರ್ಷ ಕೆರೆಜ್ವರದಿಂದ ನಮ್ಮಲ್ಲಿ ಯಾರೂ ಸಾಯಲಿಲ್ಲ. ದೂರದ ಊರುಗಳ ವಿದ್ವಾಂಸರು ಪತ್ರಿಕೆ ತರಿಸಿಕೊಂಡು ಓದಿದರು. ಮೊದಲಿಗೆ ಬರುವ ಮೂವರು ಯಾವ ವಿದ್ಯಾಲಯದವರು ಎಂದು ಕೆಲವರು ವಿಚಾರಿಸಿದರು. ಮೇಷ್ಟ್ರು ನಿವೃತ್ತರಾದರು. ಅವರ ಕುರ್ಚಿಗೆ ಬೇರೆ ಯಾರೋ ಬಂದರು. ಕುಮುದಿನಿಯನ್ನು ಯಾರೂ ತೆಗೆದುಹಾಕಲಿಲ್ಲ, ಅವಳೂ ಕುರ್ಚಿ ಕೇಳಲಿಲ್ಲ. ಅಕ್ಕ ಮಾತ್ರ ಬಹಳ ಕಾಲ ಅವಳ ಮುಖ ನೋಡಲಿಲ್ಲ. "ನನ್ನ ಮಕ್ಕಳು ಅನ್ನ ಉಣ್ಣುವಾಗೆಲ್ಲ ಆ ಮಗು ನೆನಪಾಗುವ ಹಾಗೆ ಮಾಡಿಬಿಟ್ಟೆಯಲ್ಲೇ" ಎಂದಳಂತೆ.

ಪತ್ರಿಕೆ ಕೈಗೆ ಬಂದ ಮಾರನೆಯ ದಿನ ಕುಮುದಿನಿ ಅದನ್ನು ತೆಗೆದುಕೊಂಡು ಸಾಕಮ್ಮನ ಮನೆಗೆ ಹೊರಟಳು. ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ ಎಂದು ನನ್ನನ್ನೂ ಕರೆದಳು. ಸಾಕಮ್ಮ ಅಂಗಳದಲ್ಲಿ ಕೂತು ಚಾಕುವಿನಿಂದ ಜೊಂಡು ಸೀಳುತ್ತಿದ್ದಳು. ಕೂರಿ ಎನ್ನಲಿಲ್ಲ, ನಾವೇ ಕೂತೆವು. "ಓದು" ಎಂದಳು. ಕುಮುದಿನಿ ಮೊದಲಿನಿಂದ ಕೊನೆಯವರೆಗೆ ಓದಿದಳು, ಹೆಸರುಗಳನ್ನೂ, ಹೆಸರಿನ ಮುಂದಿನ ಕೆಲಸಗಳನ್ನೂ, ತನ್ನದನ್ನೂ. ಸಾಕಮ್ಮನ ಕೈ ಎಲ್ಲೂ ನಿಲ್ಲಲಿಲ್ಲ. ಮುಗಿದ ಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟಳು.

"ನೀನು ಅವತ್ತು ಸುಮ್ನೆ ಕುಂತಿರಬೋದಿತ್ತು" ಎಂದಳು. "ನಿನ್ ಮೇಲಿನ ಸಿಟ್ಟು ನಾನು..."

ಅಲ್ಲಿಗೆ ಧ್ವನಿ ನಿಂತಿತು. ಸಾಕಮ್ಮನ ತುಟಿ ಆಡಿತು. ಬಿಟ್ಟೆ ಎನ್ನಲು ನೋಡುತ್ತಿದ್ದಾಳೆಂದು ನನಗೆ ಕಂಡಿತು. ಇನ್ನೊಂದು ಸಲ ಪ್ರಯತ್ನಿಸಿದಳು. ಬರಲಿಲ್ಲ. ನಾನು ಅಭ್ಯಾಸಬಲದಿಂದ ನೀರಿಗಾಗಿ ಸುತ್ತ ನೋಡಿದೆ. ಸಾಕಮ್ಮ ಕೈ ಅಡ್ಡ ಮಾಡಿದಳು. ಅವಳಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಕುಮುದಿನಿ ತಲೆ ತಗ್ಗಿಸಿ, ಪತ್ರಿಕೆಯನ್ನು ಅಲ್ಲೇ ಇಟ್ಟು ಎದ್ದಳು.

"ಇವತ್ತು ಆಗಾಕಿಲ್ಲ" ಎಂದಳು ಸಾಕಮ್ಮ, ಮತ್ತೆ ಜೊಂಡು ಕೈಗೆತ್ತಿಕೊಂಡು. "ಮುಂದಿನ ವಾರ ಬಾ. ಬರುವಾಗ ಒಂದು ಚಾಕು ತಗೊಂಡು ಬಾ. ಸುಮ್ನೆ ಮುಖ ನೋಡ್ಕೊಂಡು ಕುಂತಿರೋಕೆ ನಂಗೆ ಪುರುಸೊತ್ತಿಲ್ಲ."

ಮುಂದಿನ ವಾರ ಕುಮುದಿನಿ ಅಡುಗೆಮನೆಯ ಚಾಕುವನ್ನು ಕಲ್ಲಿಗೆ ಮಸೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಆ ದಿನ ನಾನು ಜೊತೆಗೆ ಹೋಗಲಿಲ್ಲ.